ಸೊಟ್ಟಪಾದದ ಹುಡುಗ, ಧಾತು-ಈಶ್ವರದ ಬರ: ಬೆಳೆಯುವ ಮಗುವಿನ ಐತಿಹಾಸಿಕ ಕಾದಂಬರಿ ಬರೆಯುವ ಕ್ರಮ

ಮೈಯಲ್ಲಿ ಏನೋ ಬೇರೆ ಇರುವ ಒಂದು ಮಗು, ನೂರೈವತ್ತು ವರ್ಷ ಹಿಂದಿನ ಕಾಲ, ಊರೊಳಗಿದ್ದೂ ಊರಿಗೆ ಸೇರದ ಬಾಳು. ಇಂಥ ಕಾದಂಬರಿ ಶುರು ಮಾಡುವವರು ತುಂಬ ಜನ. ಮುಗಿಸುವವರು ಕಡಿಮೆ. ಅರ್ಧಕ್ಕೆ ನಿಂತ ಕರಡುಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಬರದ ಬಗ್ಗೆ ಹತ್ತು ಪುಟ ಇರುತ್ತದೆ, ಆಮೇಲೆ ಹುಡುಗನ ಕಣ್ಣೀರು ಹತ್ತು ಪುಟ ಇರುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ.

ಇದಕ್ಕೆ ಕಾರಣ ಪ್ರತಿಭೆಯ ಕೊರತೆ ಅಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ಮೊದಲು ಇತಿಹಾಸ ಓದಿ, ಆಮೇಲೆ ಅದರೊಳಗೆ ಒಬ್ಬ ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ. ಆ ಕಾಲದ ಯಾವ ಕೆಲಸ, ಯಾವ ಕಾನೂನು, ಯಾವ ಸಾಲು ಆ ದೇಹವನ್ನು ತಡೆದು ನಿಲ್ಲಿಸಿತು ಎಂಬುದೇ ನಿಮ್ಮ ಕಥೆ. ಅದನ್ನು ಹುಡುಕುವ ದಾರಿ ಕೆಳಗಿದೆ.

ಉದಾಹರಣೆಗೆ ಒಂದೇ ಕಥೆಯನ್ನು ಉದ್ದಕ್ಕೂ ಇಟ್ಟುಕೊಳ್ಳೋಣ. 1876ರಿಂದ 1882ರ ಮೈಸೂರು ಸೀಮೆ, ಧಾತು-ಈಶ್ವರದ ಬರ ಬಿದ್ದ ಕಾಲ. ಮದ್ದೂರಿನ ಆಸುಪಾಸಿನ ಒಂದು ಕಲ್ಪಿತ ಹಳ್ಳಿ. ಸಣ್ಣ ಒಕ್ಕಲು ಮನೆಯ ಕೆಂಚ. ಅವನ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಚಿದೆ. ಇಂದಿನ ಡಾಕ್ಟರು ಅದನ್ನು ಕ್ಲಬ್‌ಫುಟ್ ಅನ್ನುತ್ತಾರೆ.

## ಮೊದಲು ಬೇಕಾದ ಸಾಮಾನು

ಎರಡು ನೋಟ್‌ಬುಕ್ ಸಾಕು. ಒಂದು ದೇಹಕ್ಕೆ, ಇನ್ನೊಂದು ಕಾಲಕ್ಕೆ. ಒಂದೇ ಪುಸ್ತಕದಲ್ಲಿ ಬರೆದರೆ ಕಾಲದ ಟಿಪ್ಪಣಿ ಬೆಳೆಯುತ್ತ ಹೋಗಿ ದೇಹದ್ದು ಮೂಲೆಗೆ ಸೇರುತ್ತದೆ.

ಆ ಸೀಮೆಯ ಹಳೆಯ ನಕ್ಷೆ ಒಂದು ಬೇಕು. ಹೆಸರುಗಳು ಬೇರೆ ಇದ್ದವು ಎನ್ನುವುದನ್ನು ನಕ್ಷೆಯೇ ನೆನಪಿಸುತ್ತದೆ. ಇಂದಿನ ರಾಮನಗರ ಆಗ ಕ್ಲೋಸ್‌ಪೇಟೆ. ಪಾಂಡವಪುರವನ್ನು ಸರ್ಕಾರಿ ಕಾಗದದಲ್ಲಿ ಫ್ರೆಂಚ್ ರಾಕ್ಸ್ ಎಂದು ಬರೆಯುತ್ತಿದ್ದರು.

ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ನೋಡಿ. ಅದರ ಮೊದಲ ಆವೃತ್ತಿ ಬಂದದ್ದು ಬರ ಶುರುವಾದ ಹೊತ್ತಿಗೇ, ಪರಿಷ್ಕೃತ ಆವೃತ್ತಿ 1897ರಲ್ಲಿ. ಮಾತಿನ ಪರೀಕ್ಷೆಗೆ 1894ರ ಕಿಟ್ಟೆಲ್ ನಿಘಂಟು ಇರಲಿ. ಸರ್ಕಾರಿ ಕಡತ ಬೇಕಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಆದರೆ ಈಗಲೇ ಹೋಗಬೇಡಿ. ಎರಡನೇ ಹಂತ ಮುಗಿಯುವ ತನಕ ಕಡತದ ಸಹವಾಸ ಬೇಡ.

## ಹಂತ 1: ದೇಹದ ಒಂದು ದಿನ ಬರೆಯಿರಿ

ಕಥೆ, ಬರ, ರಾಜ, ರೈಲು ಎಲ್ಲ ಪಕ್ಕಕ್ಕಿಡಿ. ಆ ಹುಡುಗ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಏನೇನು ಮಾಡುತ್ತಾನೆ, ಹೇಗೆ ಮಾಡುತ್ತಾನೆ ಎಂದಷ್ಟೇ ಬರೆಯಿರಿ. ಭಾವನೆ ಬೇಡ. ಚಲನೆ ಮಾತ್ರ.

ಇದಕ್ಕೆ ಮೊದಲು ಆ ದೇಹದ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ. ಕ್ಲಬ್‌ಫುಟ್ ಅಪರೂಪದ್ದೇನಲ್ಲ. ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಇರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು. ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ತಿರುಚಿರುತ್ತದೆ. ಚಿಕಿತ್ಸೆ ಆಗದಿದ್ದರೆ ಮಗು ಪಾದದ ಹೊರಅಂಚಿನ ಮೇಲೆ, ಕೆಲವೊಮ್ಮೆ ಪಾದದ ಮೇಲ್ಭಾಗದ ಮೇಲೇ ನಡೆಯುತ್ತದೆ. ಅಲ್ಲಿ ಚರ್ಮ ದಪ್ಪಗಟ್ಟಿ ಆಣಿ ಕಟ್ಟುತ್ತದೆ. ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಮೀನಖಂಡ ಸಣ್ಣದಾಗಿರುತ್ತದೆ.

ಇಲ್ಲಿಂದ ಕಾದಂಬರಿ ತಾನಾಗಿ ಹುಟ್ಟತೊಡಗುತ್ತದೆ. ಹಿಮ್ಮಡಿ ನೆಲ ಮುಟ್ಟದಿದ್ದರೆ ಕುಕ್ಕರಗಾಲಲ್ಲಿ ಕೂರುವುದು ಕಷ್ಟ. ಹಳ್ಳಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಎಷ್ಟಿಲ್ಲ? ಬಯಲಿಗೆ ಹೋಗುವುದು, ಒಲೆ ಊದುವುದು, ಕಳೆ ಕೀಳುವುದು, ಹಿರಿಯರ ಮುಂದೆ ಜಗುಲಿ ಕೆಳಗೆ ಕೂರುವುದು. ಕೆಂಚ ಒಂದು ಕಾಲು ಚಾಚಿ ಕೂರುತ್ತಾನೆ. ಹಿರಿಯರ ಕಡೆ ಕಾಲು ಚಾಚಿದ ಹುಡುಗನ ಬಗ್ಗೆ ಊರು ಏನನ್ನುತ್ತದೆ? ಅವನಿಗೆ ಅಹಂಕಾರ ಅನ್ನುತ್ತದೆ. ನೋಡಿ, ಒಂದು ಹನಿ ಕಣ್ಣೀರಿಲ್ಲದೆ ಒಂದು ದೃಶ್ಯ ಸಿಕ್ಕಿತು.

ಗದ್ದೆಯ ಬದುವಿನ ಮೇಲೆ ಅವನು ಯಾವ ಕಡೆ ವಾಲುತ್ತಾನೆ? ಕೆಸರಲ್ಲಿ ಅವನ ಹೆಜ್ಜೆಗುರುತು ಹೇಗಿರುತ್ತದೆ? ರಾತ್ರಿ ಕಳ್ಳತನ ಮಾಡಿದರೆ ಆ ಗುರುತೇ ಅವನನ್ನು ಹಿಡಿದುಕೊಡುತ್ತದೆ, ಅಲ್ವಾ? ಅವನ ಮೆಟ್ಟನ್ನು ಯಾರು ಹೊಲಿಯುತ್ತಾರೆ, ಅಳತೆ ತೆಗೆದುಕೊಳ್ಳಲು ಆ ಪಾದವನ್ನು ಮೊದಲ ಸಲ ಕೈಯಲ್ಲಿ ಹಿಡಿದವರು ಯಾರು? ನಾಲ್ಕೈದು ಪುಟ ಇಂಥದ್ದೇ ಬರೆಯಿರಿ.

ಅವನು ಚೆನ್ನಾಗಿ ಮಾಡುವುದನ್ನೂ ಬರೆಯಿರಿ. ಹತ್ತು ವರ್ಷ ಅದೇ ಕಾಲಲ್ಲಿ ನಡೆದ ಹುಡುಗನಿಗೆ ಅದು ವಿಚಿತ್ರವಲ್ಲ, ಅದೇ ಅವನ ಕಾಲು. ಮರ ಹತ್ತುತ್ತಾನೆ, ಓಡುತ್ತಾನೆ, ಈಜುತ್ತಾನೆ. ದಿನವಿಡೀ ತನ್ನ ಪಾದದ ಬಗ್ಗೆ ಯೋಚಿಸುತ್ತ ಕೂರುವ ಹುಡುಗ ಕಾದಂಬರಿಯಲ್ಲಿ ಮಾತ್ರ ಇರುತ್ತಾನೆ.

ಅಪಾಯದ ಸೂಚನೆ: ನಿಮ್ಮ ಈ ಪುಟಗಳಲ್ಲಿ ‘ಪಾಪ’, ‘ನೋವು’, ‘ದುರದೃಷ್ಟ’ ಎಂಬ ಪದಗಳು ಜಾಸ್ತಿ ಇದ್ದರೆ ನೀವು ಅವನನ್ನು ಹೊರಗಿನಿಂದ ನೋಡುತ್ತಿದ್ದೀರಿ. ಇದೇ ಹಂತವನ್ನು ಮತ್ತೆ ಮಾಡಿ. ಚಿಕ್ಕ ವಯಸ್ಸಲ್ಲಿ ಈ ಪಾದ ಸಾಮಾನ್ಯವಾಗಿ ನೋಯುವುದೂ ಇಲ್ಲ. ನೋವು ಶುರುವಾಗುವುದು ವರ್ಷಗಳ ಮೇಲೆ.

## ಹಂತ 2: ವರ್ಷ ಮತ್ತು ವಯಸ್ಸಿನ ಪಟ್ಟಿ

ಬೆಳೆಯುವ ಮಗುವಿನ ಕಾದಂಬರಿಯಲ್ಲಿ ವಯಸ್ಸೇ ಬೆನ್ನೆಲುಬು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ವರ್ಷ, ಸಂವತ್ಸರ, ಹುಡುಗನ ವಯಸ್ಸು. ಸಂವತ್ಸರ ಯಾಕೆ ಅಂದರೆ ಹಳ್ಳಿಯಲ್ಲಿ ಯಾರೂ 1877 ಅನ್ನುತ್ತಿರಲಿಲ್ಲ. ಹಳಬರ ಬಾಯಲ್ಲಿ ಅದು ಧಾತು-ಈಶ್ವರದ ಬರ. 1876ರ ಯುಗಾದಿಯಿಂದ ಧಾತು, 1877ರ ಯುಗಾದಿಯಿಂದ ಈಶ್ವರ, ಅದರ ಮುಂದಿನದು ಬಹುಧಾನ್ಯ. ಕೆಂಚ 1867ರಲ್ಲಿ ಹುಟ್ಟಿದ್ದರೆ ಅವನ ಅವ್ವ ‘ಪ್ರಭವದಲ್ಲಿ ಹುಟ್ಟಿದವನು’ ಅನ್ನುತ್ತಾಳೆ. ಬರ ಬಂದಾಗ ಅವನಿಗೆ ಒಂಬತ್ತು.

ಎಲ್ಲರೂ ಎಡವುವ ಜಾಗ ಇದು: ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿಗಲ್ಲ. 1877ರ ಜನವರಿ ಇನ್ನೂ ಧಾತು.

ಪಟ್ಟಿಗೆ ದೊಡ್ಡ ಘಟನೆ ಐದೇ ಹಾಕಿ. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿ ಹಸಿವು ತುತ್ತತುದಿ ಮುಟ್ಟಿತು. 1881ರ ಫೆಬ್ರವರಿಯಲ್ಲಿ ಜನಗಣತಿ ಆಯಿತು, ಮಾರ್ಚ್ 25ರಂದು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂತು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ತಲುಪಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಈ ಅಂಕಿಯನ್ನು ಕಾದಂಬರಿಯಲ್ಲಿ ಬರೆಯಬೇಡಿ. ಕೆಂಚನ ಕೇರಿಯಲ್ಲಿ ಬೀಗ ಬಿದ್ದ ಮನೆ ಎಷ್ಟು ಎಂದು ಲೆಕ್ಕ ಹಾಕಲು ಬಳಸಿ.

ಈಗ ಪ್ರತಿ ವಯಸ್ಸಿನ ಎದುರು ಒಂದೊಂದು ಸಾಲು: ಈ ವಯಸ್ಸಲ್ಲಿ ಅವನು ತನ್ನ ಪಾದದ ಬಗ್ಗೆ ಏನು ನಂಬಿದ್ದಾನೆ? ಒಂಬತ್ತರಲ್ಲಿ, ದೇವರಿಗೆ ಹರಕೆ ತೀರಿಸಿದರೆ ನೇರ ಆಗುತ್ತದೆ. ಹನ್ನೊಂದರಲ್ಲಿ, ಇದನ್ನು ಮುಚ್ಚಿಡಬೇಕು. ಹದಿಮೂರರಲ್ಲಿ, ಇದರಿಂದಲೇ ನಾನು ಬದುಕಿದೆ, ಅಣ್ಣ ಸತ್ತ. ಹದಿನೈದರಲ್ಲಿ ಏನು? ಅದು ನಿಮಗೇ ಗೊತ್ತಿಲ್ಲದಿದ್ದರೆ ಒಳ್ಳೆಯದು. ಖಾಲಿ ಬಿಡಿ. ಬರೆಯುತ್ತ ತಿಳಿಯುತ್ತದೆ. ಆದರೆ ಮೊದಲ ಮೂರು ಖಾಲಿ ಇದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 3: ದೇಹ ಮತ್ತು ಕಾಲ ಡಿಕ್ಕಿ ಹೊಡೆಯುವ ಜಾಗ ಹುಡುಕಿ

ಈಗ ಕಡತಕ್ಕೆ ಹೋಗಿ. ಎಲ್ಲ ಓದಬೇಡಿ. ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗಿ: ಈ ಕಾಲದಲ್ಲಿ ಯಾರು ಯಾರ ದೇಹವನ್ನು ಅಳೆಯುತ್ತಿದ್ದರು? ಕೆಂಚನ ಕಥೆಗೆ ಮೂರು ಉತ್ತರ ಸಿಗುತ್ತವೆ.

ಕೂಲಿಯ ಸಾಲು. ಬರ ಪರಿಹಾರದಲ್ಲಿ ಜನರನ್ನು ಎರಡು ಪಾಲು ಮಾಡುತ್ತಿದ್ದರು. ದುಡಿಯಬಲ್ಲವರಿಗೆ ಕೂಲಿ, ದುಡಿಯಲಾರದವರಿಗೆ ಗಂಜಿ. ಬೆಂಗಳೂರು–ಮೈಸೂರು ಹಳಿಯ ಮಣ್ಣಿನ ಕೆಲಸ ಶುರುವಾದದ್ದು ಇಂಥ ಪರಿಹಾರ ಕಾಮಗಾರಿಯಾಗಿಯೇ. ಅಂದರೆ ಕೆಂಚನ ಪಾದವನ್ನು ನೋಡಿ ಅವನು ಯಾವ ಪಾಲು ಎಂದು ಯಾರೋ ಒಬ್ಬ ಅರೆಗಳಿಗೆಯಲ್ಲಿ ತೀರ್ಮಾನ ಮಾಡುತ್ತಾನೆ. ಕಾದಂಬರಿಯ ಎದೆ ಇರುವುದು ಇಲ್ಲಿ. ಅವನು ಕೂಲಿಯ ಸಾಲಲ್ಲಿ ನಿಲ್ಲಲು ಹವಣಿಸುತ್ತಾನೋ, ಗಂಜಿಯ ಸಾಲಲ್ಲಿ ನಿಲ್ಲಲು ಕುಂಟುವುದನ್ನು ಜಾಸ್ತಿ ಮಾಡುತ್ತಾನೋ? ಎರಡನ್ನೂ ಬೇರೆ ಬೇರೆ ದಿನ ಮಾಡುತ್ತಾನೆ ಎಂದರೆ ಹುಡುಗ ಜೀವಂತ ಆದ.

ಕೂಲಿ ದರ ಹುಡುಕುವಾಗ ಎಚ್ಚರ. 1877ರ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ, ಬರ ಪರಿಹಾರ ನೋಡಲು ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಹಾಕಿಸಿದ ದರ ಹೆಸರುವಾಸಿ: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಇದು ಎಲ್ಲ ಕಡೆ ಸಿಗುವ ಅಂಕಿ. ಅದಕ್ಕೇ ಎಲ್ಲರೂ ಇದನ್ನೇ ಎತ್ತಿ ಮೈಸೂರಿನ ಕಥೆಗೆ ಹಾಕುತ್ತಾರೆ. ಮೈಸೂರಿನ ದರವನ್ನು ಮೈಸೂರಿನ ಕಾಗದದಲ್ಲೇ ನೋಡಿ. ಸಿಗದಿದ್ದರೆ ಅಂಕಿ ಬೇಡ, ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದ ರಾಗಿ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಬರೆಯಿರಿ.

ಆಸ್ತಿಯ ಪಾಲು. ಹಳೆಯ ಧರ್ಮಶಾಸ್ತ್ರದ ಪ್ರಕಾರ ಹುಟ್ಟುಕುರುಡ, ಕಿವುಡ, ಅಂಗಹೀನ ಮುಂತಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನ ಬಟ್ಟೆ ಮಾತ್ರ. ಬ್ರಿಟಿಷ್ ಇಂಡಿಯಾದಲ್ಲಿ ಇದನ್ನು ಬಹುಮಟ್ಟಿಗೆ ತೆಗೆದುಹಾಕಿದ್ದು 1928ರ ಕಾನೂನು. ಒಂದು ಸೊಟ್ಟಪಾದಕ್ಕೆ ಈ ನಿಯಮ ನಿಜಕ್ಕೂ ಅನ್ವಯಿಸುತ್ತದೋ ಇಲ್ಲವೋ ಎಂಬುದು ವಾದದ ವಿಷಯ. ಆ ವಾದವೇ ನಿಮಗೆ ಬೇಕು. ಅಪ್ಪ ಸತ್ತ ಮೇಲೆ ಚಿಕ್ಕಪ್ಪ ಜಗುಲಿ ಮೇಲೆ ಕೂತು ಮೆಲ್ಲಗೆ ಈ ಮಾತು ತೆಗೆಯುತ್ತಾನೆ. ಅವನು ಕೆಟ್ಟವನಾಗಬೇಕಿಲ್ಲ. ಅವನಿಗೂ ಮೂರು ಮಕ್ಕಳಿವೆ, ಹೊಟ್ಟೆ ಇದೆ.

ಗಣತಿಯ ಕಾಲಂ. 1881ರ ಜನಗಣತಿಯಲ್ಲಿ ದೇಹದ ಕೊರತೆ ಎಂದು ಎಣಿಸಿದ್ದು ನಾಲ್ಕನ್ನು ಮಾತ್ರ: ಹುಚ್ಚು, ಕುರುಡು, ಕಿವುಡು-ಮೂಕು, ಕುಷ್ಠ. ಕುಂಟುವವರಿಗೆ ಕಾಲಂ ಇರಲಿಲ್ಲ. ಪಕ್ಕದ ಮನೆಯ ಕಣ್ಣು ಕಾಣದ ಅಜ್ಜಿಯ ಹೆಸರಿನ ಎದುರು ಗುರುತು ಬೀಳುತ್ತದೆ. ಹದಿಮೂರರ ಕೆಂಚ ತನ್ನ ಕಾಲು ಚಾಚಿ ತೋರಿಸುತ್ತಾನೆ. ಬರೆಯುವವನು ಮುಂದಿನ ಮನೆಗೆ ಹೋಗುತ್ತಾನೆ. ಊರೆಲ್ಲ ಯಾವುದನ್ನು ನೋಡಿ ಕೂಗಿತ್ತೋ ಅದು ಸರ್ಕಾರದ ಕಣ್ಣಿಗೆ ಬೀಳಲೇ ಇಲ್ಲ.

ನಿಮ್ಮ ಪಾತ್ರ ಬೇರೆ ಇರಬಹುದು. ಸಿಡುಬಿನಲ್ಲಿ ಕಣ್ಣು ಹೋದ ಹುಡುಗಿ, ಬಿಳಿಚರ್ಮದ ಮಗು, ಸೀಳುತುಟಿಯ ಹುಡುಗ. ಪ್ರಶ್ನೆ ಮಾತ್ರ ಅದೇ. ಇಂಥ ಡಿಕ್ಕಿಯ ಜಾಗ ಕಡಿಮೆ ಅಂದರೂ ಎರಡು ಸಿಗಬೇಕು. ಒಂದೂ ಸಿಗದಿದ್ದರೆ ಕಾಲ ತಪ್ಪಾಗಿ ಆರಿಸಿದ್ದೀರಿ. ಕಾಲ ಬದಲಿಸಿ, ಹುಡುಗನನ್ನು ಬದಲಿಸಬೇಡಿ.

## ಹಂತ 4: ಹೊರಗಿನವನು, ಯಾರಿಂದ ಹೊರಗೆ?

‘ಊರು ಅವನನ್ನು ದೂರ ಇಟ್ಟಿತು’ ಎಂಬ ಸಾಲು ಕರಡಿನಲ್ಲಿ ಇದ್ದರೆ ಅಳಿಸಿ. ಊರು ಎಂದರೆ ಯಾರೂ ಅಲ್ಲ. ಅವ್ವ, ಅಕ್ಕ, ಚಿಕ್ಕಪ್ಪ, ಶಾನುಭೋಗರು, ಮೆಟ್ಟು ಹೊಲಿಯುವವರು, ಓರಗೆಯ ಹುಡುಗರು. ಒಬ್ಬೊಬ್ಬರೂ ಅವನನ್ನು ಬೇರೆ ಬೇರೆ ದೂರದಲ್ಲಿ ಇಡುತ್ತಾರೆ.

ಜಾತಿಯನ್ನು ಬಿಟ್ಟು ಈ ಕಥೆ ಬರೆಯಲು ಆಗುವುದಿಲ್ಲ. ಒಕ್ಕಲು ಮನೆಯ ಕೆಂಚನಿಗೆ ಕೇರಿಯ ಮಕ್ಕಳು ‘ಕುಂಟ’ ಅನ್ನುತ್ತಾರೆ. ಆದರೆ ಅವನ ಪಾದದ ಅಳತೆ ತೆಗೆದು ಮೆಟ್ಟು ಹೊಲಿದುಕೊಟ್ಟವರನ್ನು ಅವನ ಮನೆಯವರು ಅಂಗಳದಾಚೆ ನಿಲ್ಲಿಸುತ್ತಾರೆ. ಅವನೂ ಅದನ್ನು ಸರಿ ಎಂದೇ ನಂಬಿರುತ್ತಾನೆ. ತಾನು ಹೊರಗಿನವನು ಎಂದು ಗೊತ್ತಿರುವ ಹುಡುಗ, ತಾನೇ ಇನ್ನೊಬ್ಬರನ್ನು ಹೊರಗಿಟ್ಟಿದ್ದೇನೆ ಎಂದು ಯಾವಾಗ ಕಾಣುತ್ತಾನೆ? ಕಾಣದೆಯೂ ಇರಬಹುದು. ಗಂಜಿ ಬೇಯಿಸಿದವರು ಯಾರು ಎಂಬ ಪ್ರಶ್ನೆ ಹಸಿವಿನ ನಡುವೆಯೂ ಸತ್ತಿರಲಿಲ್ಲ. ದೇಹದ ಅವಮಾನವನ್ನು ಜಾತಿಯ ಅವಮಾನಕ್ಕೆ ಸಮ ಎಂದು ತೂಗಿ ತೋರಿಸುವ ಕೆಲಸಕ್ಕೆ ಹೋಗಬೇಡಿ. ಎರಡೂ ಇರಲಿ, ಒಂದಕ್ಕೊಂದು ತಾಗಲಿ.

## ಹಂತ 5: ಮೂರು ಹಳೆಯ ಅಚ್ಚುಗಳಿಂದ ಹೊರಗೆ ಬನ್ನಿ

ನಾವೆಲ್ಲ ಕಥೆ ಕೇಳಿ ಬೆಳೆದವರು. ಹಾಗಾಗಿ ಸೊಟ್ಟದೇಹ ಬಂದ ಕೂಡಲೇ ಕೈ ತಾನಾಗಿ ಮೂರು ಕಡೆ ಜಾರುತ್ತದೆ.

ಒಂದು ಮಂಥರೆಯ ಅಚ್ಚು: ಬೆನ್ನು ಗೂನು, ಮನಸ್ಸೂ ಗೂನು. ಇದನ್ನು ಈಗ ಬಹಳ ಜನ ಬರೆಯುವುದಿಲ್ಲ, ಬಿಡಿ. ಎರಡನೆಯದು ಅಷ್ಟಾವಕ್ರನ ಅಚ್ಚು: ದೇಹ ಎಂಟು ಕಡೆ ಡೊಂಕು, ಒಳಗೆ ಮಹಾಜ್ಞಾನಿ. ಇದು ಗೌರವದಂತೆ ಕಾಣುತ್ತದೆ. ಆದರೆ ಹನ್ನೊಂದು ವರ್ಷದ ಹುಡುಗನ ಬಾಯಲ್ಲಿ ವೇದಾಂತ ಹೇಳಿಸಿದರೆ ಅವನು ಬೆಳೆಯಲು ಏನು ಉಳಿಯಿತು? ಪೆದ್ದುತನ, ಹೊಟ್ಟೆಕಿಚ್ಚು, ಸುಳ್ಳು ಎಲ್ಲ ಅವನಿಗೂ ಬೇಕು.

ಮೂರನೆಯದು ಕುಬ್ಜೆಯ ಅಚ್ಚು, ಅತಿ ಅಪಾಯದ್ದು. ಮಥುರೆಯ ಬೀದಿಯಲ್ಲಿ ಕೃಷ್ಣ ಮುಟ್ಟಿದ, ಗೂನು ನೇರ ಆಯಿತು. ಅಷ್ಟೇಕೆ, ಮಹಾಭಾರತದಲ್ಲಿ ಅಷ್ಟಾವಕ್ರನನ್ನೂ ಕೊನೆಗೆ ಹೊಳೆಯಲ್ಲಿ ಮುಳುಗಿಸಿ ನೇರ ಮಾಡಿಬಿಡುತ್ತಾರೆ. ನಮ್ಮ ಕರಡುಗಳಲ್ಲಿ ಕೃಷ್ಣನ ಬದಲು ದಂಡಿನ (ಕಂಟೋನ್ಮೆಂಟಿನ) ಆಸ್ಪತ್ರೆಯ ಬಿಳಿ ಡಾಕ್ಟರು ಬರುತ್ತಾನೆ. ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಕತ್ತರಿಸುವ ಶಸ್ತ್ರಚಿಕಿತ್ಸೆ ಯೂರೋಪಿನಲ್ಲಿ 1830ರ ದಶಕದಿಂದ ಇತ್ತು, ಬೆಂಗಳೂರಿನ ದಂಡಿನಲ್ಲಿ ಬೌರಿಂಗ್ ಆಸ್ಪತ್ರೆಯೂ ಇತ್ತು. ಹಾಗಾಗಿ ಇದು ಅಸಾಧ್ಯ ಅಂತ ಹೇಳುತ್ತಿಲ್ಲ. ಆದರೆ ಮದ್ದೂರಿನ ಬಡ ಒಕ್ಕಲು ಹುಡುಗನ ಪಾದ ಹದಿನೈದರಲ್ಲಿ ನೇರವಾಗಿ ಕಥೆ ಮುಗಿದರೆ ಮುನ್ನೂರು ಪುಟ ಬರೆದದ್ದು ಯಾಕೆ? ಪ್ಲಾಸ್ಟರ್ ಹಾಕಿ ಹಂತಹಂತವಾಗಿ ತಿದ್ದುವ ಇಂದಿನ ಪಾನ್ಸೆಟಿ ವಿಧಾನವಂತೂ 20ನೇ ಶತಮಾನದ ನಡುವಿನದು. ಅದನ್ನು ನೆನಪಿಟ್ಟುಕೊಂಡು ಬರೆಯಬೇಡಿ.

ಇದರ ಚಿಕ್ಕ ತಮ್ಮ ಇನ್ನೊಂದಿದೆ: ಅವನನ್ನು ಚನ್ನಪಟ್ಟಣಕ್ಕೆ ಕಳಿಸಿ ಅರಗಿನ ಕೆಲಸ ಕಲಿಸುವುದು. ಕೂತು ಮಾಡುವ ಕೆಲಸ, ಹಳಿಯ ಪಕ್ಕದ ಊರು, ಎಲ್ಲ ಸಲೀಸು. ಸಲೀಸು ಅನ್ನುವುದೇ ತೊಂದರೆ. ಕಳಿಸುವುದಾದರೆ ಅಲ್ಲಿ ಅವನ ಕೈ ಕೆಲಸಕ್ಕೆ ಬಾರದ್ದು ಎಂದು ತೋರಿಸಿ, ನೋಡೋಣ.

## ಹಂತ 6: ಮಾತು

ನಿರೂಪಣೆ ಯಾರದು ಎಂದು ಮೊದಲೇ ನಿರ್ಧರಿಸಿ. ಮುದುಕನಾದ ಕೆಂಚ ನೆನಪು ಹೇಳುವ ಕ್ರಮ ಎಲ್ಲರಿಗೂ ಇಷ್ಟ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಮುದುಕನಿಗೆ ಎಲ್ಲ ಗೊತ್ತಿರುತ್ತದೆ, ಪ್ರತಿ ಅಧ್ಯಾಯದ ಕೊನೆಗೆ ಬುದ್ಧಿ ಹೇಳುತ್ತಾನೆ. ಹುಡುಗನ ಹೆಗಲ ಹಿಂದೆ ನಿಂತು, ಅವನಿಗೆ ಕಂಡಷ್ಟೇ ಹೇಳುವ ನಿರೂಪಕ ಮೇಲು.

ನಿರೂಪಕ ಅವನನ್ನು ‘ಕುಂಟ’ ಅನ್ನಬಾರದು. ಪಾತ್ರಗಳು ಅನ್ನಲಿ, ಆ ಕಾಲದಲ್ಲಿ ಅನ್ನುತ್ತಿದ್ದರು. ಹಾಗೆಯೇ ಪಾತ್ರಗಳು ‘ವಿಶೇಷಚೇತನ’ ಎಂದೋ ‘ಹಕ್ಕು’ ಎಂದೋ ಭಾಷಣ ಮಾಡಬಾರದು. ಸಂಭಾಷಣೆಯಲ್ಲಿ ಹಳೇ ಮೈಸೂರಿನ ಹಳ್ಳಿ ಮಾತು ಸ್ವಲ್ಪ ಸಾಕು: ‘ಏನ್ಲಾ’, ‘ಬಾರ್ಲಾ’, ‘ಗೊತ್ತಿಲ್ಲ ಕನವ್ವ’. ಪ್ರತಿ ಪದವನ್ನೂ ಮುರಿದು ಬರೆದರೆ ಓದುಗ ಸುಸ್ತಾಗುತ್ತಾನೆ.

ವಸ್ತುಗಳಲ್ಲಿ ಹುಷಾರು. ಹಳ್ಳಿ ಮನೆಯಲ್ಲಿ ಚಹಾ ಕಾಯಿಸಬೇಡಿ. ದೀಪಕ್ಕೆ ಹರಳೆಣ್ಣೆ, ಹೊಂಗೆಣ್ಣೆ. ಹೊತ್ತು ಹೇಳಲು ಗಳಿಗೆ, ಜಾವ ಇರಲಿ, ನಿಮಿಷ ಬೇಡ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸೇರು, ಕೊಳಗದ ಅಳತೆ ಊರಿಂದೂರಿಗೆ ಬೇರೆ ಇತ್ತು, ಅದನ್ನು ಕಿಲೋಗೆ ತಿರುಗಿಸಿ ಹೇಳಲು ಹೋಗಬೇಡಿ.

## ಹಂತ 7: ಮೊದಲ ಅಧ್ಯಾಯವನ್ನು ಮೊದಲು ಬರೆಯಬೇಡಿ

ಹಂತ 3ರಲ್ಲಿ ಸಿಕ್ಕ ಡಿಕ್ಕಿಯ ದೃಶ್ಯಗಳನ್ನು ಮೊದಲು ಬರೆಯಿರಿ. ಅವು ನಿಂತರೆ ಕಾದಂಬರಿ ನಿಲ್ಲುತ್ತದೆ. ಹುಟ್ಟಿನಿಂದ ಶುರು ಮಾಡಿದವರು ಬಹುತೇಕ ಸೂಲಗಿತ್ತಿಯ ಉದ್ಗಾರದಲ್ಲೇ ಸಿಕ್ಕಿಹಾಕಿಕೊಂಡಿರುತ್ತಾರೆ.

ವ್ಯತ್ಯಾಸ ನೋಡಿ. ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

‘ಮೈಸೂರು ಸಂಸ್ಥಾನದಲ್ಲಿ ಭೀಕರ ಬರ ತಾಂಡವವಾಡುತ್ತಿತ್ತು. ಪಾಪ, ಕೆಂಚ ತನ್ನ ಸೊಟ್ಟಪಾದವನ್ನು ನೋಡಿ ಕಣ್ಣೀರಿಟ್ಟ. ದೇವರೇ, ನನಗೇಕೆ ಈ ಶಿಕ್ಷೆ ಎಂದು ಮೊರೆಯಿಟ್ಟ.’

ಅದೇ ಜಾಗವನ್ನು ದೇಹದ ಪುಟ ಮತ್ತು ಕಾಲದ ಪುಟ ಎರಡನ್ನೂ ಎದುರಿಗಿಟ್ಟು ಬರೆದರೆ:

‘ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ. ಮಂಕರಿ ಹೊರುವವರ ಸಾಲಿನಲ್ಲಿ ಕಾಲುಗಳನ್ನೇ ನೋಡುತ್ತ ಬಂದ. ಕೆಂಚ ಎಡಪಾದವನ್ನು ಸಡಿಲ ಮಣ್ಣಿನೊಳಗೆ ಹೂತು ನಿಂತಿದ್ದ. ಅಕ್ಕ ಸೆರಗು ಹರವಿಕೊಂಡು ಅವನಿಗೆ ಅಡ್ಡ ನಿಂತಳು. “ಮುಂದಕ್ ಬಾರ್ಲಾ” ಅಂದ ಮೇಸ್ತ್ರಿ. ಬಂದರೆ ಗಂಜಿಯ ಸಾಲು. ಬರದಿದ್ದರೆ ಅದೂ ಇಲ್ಲ.’

ಎರಡನೆಯದರಲ್ಲಿ ಬರ ಎಂಬ ಪದವೇ ಇಲ್ಲ.

ಡಿಕ್ಕಿಯ ದೃಶ್ಯಗಳ ನಡುವೆ ಸೇತುವೆ ಹಾಕುತ್ತ ಹೋಗಿ. ಮಧ್ಯೆ ಒಂದು ವರ್ಷ ಜಿಗಿದರೆ ಹುಡುಗ ಎತ್ತರ ಆಗಿರಬೇಕು, ಮೆಟ್ಟು ಚಿಕ್ಕದಾಗಿರಬೇಕು, ದನಿ ಒಡೆದಿರಬೇಕು. ಮಹಾರಾಜರನ್ನೋ ದಿವಾನರನ್ನೋ ಅವನ ಎದುರು ತಂದು ನಿಲ್ಲಿಸುವ ಆಸೆ ಬರುತ್ತದೆ. ಅವರ ಸವಾರಿಯ ದೂಳು ಅವನ ಮೇಲೆ ಬಿದ್ದರೆ ಸಾಕು.

## ಹಂತ 8: ಕರಡಿನ ಪರೀಕ್ಷೆ

ಕರಡು ಮುಗಿದ ಮೇಲೆ ಸ್ವಲ್ಪ ದಿನ ಮುಟ್ಟಬೇಡಿ. ಆಮೇಲೆ ಈ ಕ್ರಮದಲ್ಲಿ ಓದಿ.

ಮೊದಲ ಓದು: ಮನಸ್ಸಿನಲ್ಲೇ ಕೆಂಚನ ಪಾದವನ್ನು ನೇರ ಮಾಡಿ ಓದಿ. ಯಾವ ಅಧ್ಯಾಯ ಏನೂ ಆಗದಂತೆ ಮುಂದೆ ಹೋಗುತ್ತದೋ ಅದರಲ್ಲಿ ಅವನ ದೇಹ ಇಲ್ಲ, ಬರೀ ಹೆಸರಿದೆ.

ಎರಡನೇ ಓದು: ಕಥೆಯನ್ನು 1950ಕ್ಕೆ ತಂದಂತೆ ಊಹಿಸಿ. ಆಗಲೂ ಹಾಗೇ ನಡೆಯುವ ಅಧ್ಯಾಯಗಳಲ್ಲಿ ಕಾಲ ಇಲ್ಲ. ಎರಡೂ ಓದಿನಲ್ಲಿ ಸಿಕ್ಕಿಬಿದ್ದ ಅಧ್ಯಾಯವನ್ನು ತೆಗೆದೇ ಬಿಡಿ. ಒಂದರಲ್ಲಿ ಮಾತ್ರ ಸಿಕ್ಕಿದ್ದನ್ನು ತಿದ್ದಬಹುದು.

ಮೂರನೆಯದು: ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಬೇರೆಯವರು ಅವನನ್ನು ನೋಡುವ ಸಾಲಿಗೆ ಒಂದು ಬಣ್ಣ, ಅವನು ಬೇರೆಯವರನ್ನು ನೋಡುವ ಸಾಲಿಗೆ ಇನ್ನೊಂದು. ಮೊದಲ ಅಧ್ಯಾಯಗಳಲ್ಲಿ ಮೊದಲ ಬಣ್ಣ ಜಾಸ್ತಿ ಇದ್ದರೆ ನಡೆಯುತ್ತದೆ. ಕೊನೆಯ ಅಧ್ಯಾಯಗಳಲ್ಲೂ ಅದೇ ಜಾಸ್ತಿ ಇದ್ದರೆ ಹುಡುಗನ ಎತ್ತರ ಮಾತ್ರ ಬೆಳೆದಿದೆ.

ಇದಾದ ಮೇಲೆ ಅಂಥದ್ದೇ ದೇಹದಲ್ಲಿ ಬದುಕಿದವರೊಬ್ಬರಿಗೆ ಕರಡು ಓದಲು ಕೊಡಿ. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ. ಯಾವ ಪುಟದಲ್ಲಿ ನಗು ಬಂತು, ಯಾವ ಪುಟದಲ್ಲಿ ಪುಸ್ತಕ ಮುಚ್ಚಬೇಕು ಅನ್ನಿಸಿತು ಎಂದು ಕೇಳಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಅವರು ಹೇಳಿದ ಮೇಲೆ ವಾದಕ್ಕಿಳಿಯಬೇಡಿ, ಬರೆದುಕೊಂಡು ಬನ್ನಿ.

ಮುಕ್ತಾಯ ಸರಿಯಿಲ್ಲ ಎಂದು ಅವರೂ ಹೇಳಿದರೆ ಹಂತ 2ರ ಪಟ್ಟಿಗೆ ವಾಪಸ್ ಹೋಗಿ, ಹದಿನೈದರ ಎದುರು ಖಾಲಿ ಬಿಟ್ಟ ಸಾಲನ್ನು ಈಗ ತುಂಬಲು ಆಗುತ್ತದಾ ನೋಡಿ. ಆಗದಿದ್ದರೆ ತೊಂದರೆ ಕೊನೆಯ ಅಧ್ಯಾಯದಲ್ಲಿಲ್ಲ. ಸಾಮಾನ್ಯವಾಗಿ ಅದು ಹನ್ನೊಂದರಿಂದ ಹದಿಮೂರರ ನಡುವೆ, ಬರ ಮುಗಿದ ಮೇಲಿನ ಖಾಲಿ ವರ್ಷಗಳಲ್ಲಿ ಇರುತ್ತದೆ. ಅಲ್ಲಿಂದ ತಿದ್ದುತ್ತ ಬನ್ನಿ.